ಡಯೋಡ್, ಟ್ರಾನ್ಸಿಸ್ಟರ್ ಇರುವ ಮೈಕ್ರೋವೇವ್ ಸರ್ಕ್ಯೂಟನ್ನು ಸಿಮ್ಯುಲೇಟ್ ಮಾಡುವುದು ಹೇಗೆ?

ಎಸ್‌ಎಂಎಸ್7630 ಎಂಬ ಶಾಟ್ಕಿ ಡಯೋಡ್‌ನ (ಲೋಹ ಮತ್ತು ಸೆಮಿಕಂಡಕ್ಟರ್ ಸೇರುವಲ್ಲಿ ಜಂಕ್ಷನ್ ಇರುವ ಡಯೋಡ್) ಜಂಕ್ಷನ್ ಕೆಪಾಸಿಟೆನ್ಸ್ 0.14 ಪಿಕೋಫ್ಯಾರಡ್. ಅದನ್ನು ಹೊತ್ತಿರುವ ಪುಟ್ಟ ಪ್ಲಾಸ್ಟಿಕ್ ಪ್ಯಾಕೇಜ್‌ನದೂ ಹೆಚ್ಚುಕಡಿಮೆ ಅಷ್ಟೇ. ಒಳಗಿನ ಚಿಪ್ ಎಷ್ಟು ಭಾರವೋ ಹೊರಗಿನ ಡಬ್ಬಿಯೂ ಅಷ್ಟೇ ಭಾರ ಎಂದಂತಾಯಿತು. ಆಡಿಯೋ ಸರ್ಕ್ಯೂಟ್‌ನಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ. 2.45 ಗಿಗಾಹರ್ಟ್ಸ್‌ನಲ್ಲಿ ಇದನ್ನು ಮರೆತರೆ ಮ್ಯಾಚಿಂಗ್‌ಗೆ, ಅಂದರೆ ಪವರ್ ಮರಳದೆ ಪೂರ್ತಿ ಡಯೋಡ್‌ಗೆ ಇಳಿಯುವಂತೆ ಹೊಂದಿಸಲು, ಹಾಕುವ ಇಂಡಕ್ಟರ್‌ನ ಇಂಡಕ್ಟೆನ್ಸ್ ಎರಡು ಪಟ್ಟಿಗಿಂತ ಹೆಚ್ಚು ತಪ್ಪುತ್ತದೆ. ಮುಂದೆ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೆ ನನಗೆ ಗಟ್ಟಿಯಾಗಿ ಅನಿಸಿರುವುದು ಒಂದೇ. ಬೋರ್ಡ್ ಒಂದು ಹೇಳಿ ಸಿಮ್ಯುಲೇಷನ್ ಇನ್ನೊಂದು ಹೇಳಿದರೆ ಸಾಫ್ಟ್‌ವೇರ್‌ನ ಗಣಿತವನ್ನು ಅನುಮಾನಿಸುವ ಮೊದಲು ಗಡಿಯನ್ನು ನೋಡಬೇಕು. ಡಿವೈಸ್‌ನ ಮಾಡೆಲ್ ಎಲ್ಲಿಗೆ ಮುಗಿಯಿತು, ಬೋರ್ಡ್ ಎಲ್ಲಿಂದ ಶುರುವಾಯಿತು? ಆ ಗಡಿಯಲ್ಲಿ ಏನೋ ಒಂದು ಬಿಟ್ಟುಹೋಗಿರುತ್ತದೆ, ಇಲ್ಲವೇ ಎರಡು ಸಲ ಲೆಕ್ಕಕ್ಕೆ ಬಂದಿರುತ್ತದೆ. ಈ ಲೇಖನದ ಹೆಜ್ಜೆಗಳೆಲ್ಲ ಆ ಗಡಿಯನ್ನು ಕಾಯುವುದಕ್ಕಾಗಿಯೇ ಇವೆ. ಉದಾಹರಣೆಗೆ ಇದೇ ಡಯೋಡ್ ಬಳಸಿ 2.45 ಗಿಗಾಹರ್ಟ್ಸ್‌ನ ಒಂದು ಡಿಟೆಕ್ಟರ್, ಅಂದರೆ ಬಂದ ಮೈಕ್ರೋವೇವ್ ಪವರನ್ನು ಡಿಸಿ ವೋಲ್ಟೇಜ್ ಆಗಿ ತೋರಿಸುವ ಸರ್ಕ್ಯೂಟ್, ಮಾಡೋಣ, ಕೊನೆಗೆ ಟ್ರಾನ್ಸಿಸ್ಟರ್‌ಗೆ ಬರೋಣ.

ಹೆಜ್ಜೆ 1: ಯಾವ ಪ್ರಶ್ನೆಗೆ ಯಾವ ಅನಾಲಿಸಿಸ್

ಸೆಮಿಕಂಡಕ್ಟರ್ ಡಿವೈಸ್‌ಗಳು ನಾನ್‌ಲೀನಿಯರ್. ಆದರೂ ಸಿಗ್ನಲ್ ಸಣ್ಣದಿದ್ದರೆ, ಒಂದು ಬಯಾಸ್ ಪಾಯಿಂಟ್‌ನ (ಡಿವೈಸ್‌ಗೆ ಕೊಟ್ಟ ಡಿಸಿ ವೋಲ್ಟೇಜ್, ಕರೆಂಟ್) ಆಸುಪಾಸಿನಲ್ಲಿ ಅವನ್ನು ಲೀನಿಯರ್ ಎಂದೇ ನಡೆಸಿಕೊಳ್ಳಬಹುದು. ಗೇನ್, ಇನ್‌ಪುಟ್ ಮ್ಯಾಚ್, ನಾಯ್ಸ್ ಫಿಗರ್, ಸ್ಟೆಬಿಲಿಟಿ ಇಷ್ಟೇ ಬೇಕಿದ್ದರೆ ಎಸ್-ಪ್ಯಾರಾಮೀಟರ್ ಅನಾಲಿಸಿಸ್, ಅಂದರೆ ಪ್ರತಿ ಪೋರ್ಟ್‌ಗೆ ಬಂದ ಅಲೆಯಲ್ಲಿ ಎಷ್ಟು ಮರಳಿತು, ಎಷ್ಟು ದಾಟಿತು ಎಂಬ ಲೆಕ್ಕ, ಸಾಕು. ಡಿಟೆಕ್ಟರ್, ಮಿಕ್ಸರ್, ಫ್ರೀಕ್ವೆನ್ಸಿ ಡಬ್ಲರ್, ಪವರ್ ಆಂಪ್ಲಿಫೈಯರ್ ಇವುಗಳ ಕೆಲಸವೇ ನಾನ್‌ಲೀನಿಯರ್ ಆದ್ದರಿಂದ ಅಲ್ಲಿ ಎಸ್-ಪ್ಯಾರಾಮೀಟರ್ ಒಂದೇ ಸಾಲದು.

ಹಾಗಾದರೆ ಸ್ಪೈಸ್ ಎಂಬ ಸರ್ಕ್ಯೂಟ್ ಸಿಮ್ಯುಲೇಟರ್ ತೆಗೆದು ಟ್ರಾನ್ಸಿಯೆಂಟ್, ಅಂದರೆ ಕ್ಷಣಕ್ಷಣದ ಲೆಕ್ಕ, ಓಡಿಸಿದರಾಗದೇ? 1973ರಲ್ಲಿ ಬರ್ಕ್ಲಿಯಲ್ಲಿ ಹುಟ್ಟಿದ ಸ್ಪೈಸ್ ಇವತ್ತಿಗೂ ಗಟ್ಟಿಮುಟ್ಟಾಗಿದೆ, ಓಡಿಸಬಹುದು. ಆದರೆ ಲೆಕ್ಕ ನೋಡಿ. 2.45 ಗಿಗಾಹರ್ಟ್ಸ್‌ನ ಒಂದು ಸೈಕಲ್ 408 ಪಿಕೋಸೆಕೆಂಡ್. ಅಲೆ ಸರಿಯಾಗಿ ಮೂಡಲು ಸೈಕಲ್‌ಗೆ ಇಪ್ಪತ್ತು ಬಿಂದುಗಳಾದರೂ ಬೇಕು, ಅಂದರೆ 20 ಪಿಕೋಸೆಕೆಂಡ್ ಸ್ಟೆಪ್. ಔಟ್‌ಪುಟ್‌ನಲ್ಲಿ 1 ಕಿಲೋಓಮ್ ಮತ್ತು 100 ಪಿಕೋಫ್ಯಾರಡ್ ಇದ್ದರೆ ಟೈಮ್ ಕಾನ್‌ಸ್ಟೆಂಟ್ 100 ನ್ಯಾನೋಸೆಕೆಂಡ್. ನೆಲೆಗೊಳ್ಳಲು ಅದರ ಐದರಷ್ಟು, 500 ನ್ಯಾನೋಸೆಕೆಂಡ್. ಹೀಗೆ 25,000 ಸ್ಟೆಪ್‌ಗಳನ್ನು ನಡೆದ ಮೇಲೆ ಸಿಗುವುದು ಒಂದು ಪವರ್ ಲೆವೆಲ್‌ಗೆ ಒಂದು ಉತ್ತರ. ಅದರ ಮೇಲೆ, ಟ್ರಾನ್ಸ್‌ಮಿಷನ್ ಲೈನ್‌ನ ನಷ್ಟ ಆವರ್ತನದೊಂದಿಗೆ ಬದಲಾಗುವುದನ್ನು ಟೈಮ್ ಡೊಮೇನ್‌ನಲ್ಲಿ ಹಿಡಿದಿಡುವುದು ತಲೆನೋವಿನ ಕೆಲಸ.

ಇದಕ್ಕೆ ಮೈಕ್ರೋವೇವ್‌ನವರು ಕಂಡುಕೊಂಡ ದಾರಿ ಹಾರ್ಮೋನಿಕ್ ಬ್ಯಾಲೆನ್ಸ್. ಸರ್ಕ್ಯೂಟನ್ನು ಎರಡು ಪಾಲು ಮಾಡಿ. ಲೈನ್, ಕೆಪಾಸಿಟರ್, ವಯಾ (ಬೋರ್ಡ್‌ನ ಪದರಗಳನ್ನು ಜೋಡಿಸುವ, ಒಳಗೆ ಲೋಹ ಬಳಿದ ತೂತು) ಎಲ್ಲ ಲೀನಿಯರ್ ಪಾಲಿಗೆ. ಅದನ್ನು ಫ್ರೀಕ್ವೆನ್ಸಿ ಡೊಮೇನ್‌ನಲ್ಲೇ ಬಿಡಿಸುತ್ತಾರೆ. ಡಯೋಡ್ ಮಾತ್ರ ಟೈಮ್ ಡೊಮೇನ್‌ನಲ್ಲಿ. ಎರಡೂ ಸೇರುವ ನೋಡ್‌ನಲ್ಲಿ ಡಿಸಿಯಿಂದ ಹಿಡಿದು ಪ್ರತಿ ಹಾರ್ಮೋನಿಕ್‌ನಲ್ಲೂ ಕರೆಂಟ್‌ನ ಲೆಕ್ಕ ತಾಳೆಯಾಗುವವರೆಗೆ ವೋಲ್ಟೇಜನ್ನು ತಿದ್ದುತ್ತಾ ಹೋಗುತ್ತಾರೆ. ನೆಲೆಗೊಳ್ಳುವವರೆಗೆ ಕಾಯುವ ಪ್ರಶ್ನೆಯೇ ಇಲ್ಲ, ನೇರವಾಗಿ ಸ್ಟೆಡಿ ಸ್ಟೇಟ್‌ನ ಉತ್ತರ ಕೈಗೆ ಬರುತ್ತದೆ.

ಉಚಿತವಾಗಿ ಸಿಗುವ ಸಾಧನಗಳಲ್ಲಿ ಕ್ಯೂಕ್ಸ್ ಮತ್ತು ಸ್ಯಾಂಡಿಯಾ ಲ್ಯಾಬ್‌ನ ಝೈಸ್ ಎರಡರಲ್ಲೂ ಹಾರ್ಮೋನಿಕ್ ಬ್ಯಾಲೆನ್ಸ್ ಇದೆ. ಡಿಸಿ, ಟ್ರಾನ್ಸಿಯೆಂಟ್‌ಗೆ ಎನ್‌ಜಿಸ್ಪೈಸ್, ಲೇಔಟ್‌ನ ಎಲೆಕ್ಟ್ರೋಮ್ಯಾಗ್ನೆಟಿಕ್ ಲೆಕ್ಕಕ್ಕೆ ಓಪನ್‌ಇಎಂಎಸ್, ಎಸ್-ಪ್ಯಾರಾಮೀಟರ್ ಫೈಲ್‌ಗಳನ್ನು ಜೋಡಿಸಿ ಬಿಡಿಸಲು ಪೈಥಾನ್‌ನ ಸೈಕಿಟ್-ಆರ್‌ಎಫ್. ಎಡಿಎಸ್, ಮೈಕ್ರೋವೇವ್ ಆಫೀಸ್‌ನಂಥ ದುಬಾರಿ ಪ್ಯಾಕೇಜ್‌ಗಳಲ್ಲಿ ಇವೆಲ್ಲ ಒಂದೇ ಸೂರಿನಡಿ ಸಿಗುತ್ತವೆ. ಹೆಜ್ಜೆಗಳು ಮಾತ್ರ ಬದಲಾಗುವುದಿಲ್ಲ.

ಹೆಜ್ಜೆ 2: ಡಯೋಡನ್ನು ಒಂಟಿಯಾಗಿ ಪರೀಕ್ಷಿಸಿ

ಸರ್ಕ್ಯೂಟ್ ಬರೆಯುವ ಅವಸರ ಬೇಡ. ಖಾಲಿ ಹಾಳೆಯ ಮೇಲೆ ಡಯೋಡ್ ಒಂದನ್ನೇ ಇಡಿ. ಎಸ್‌ಎಂಎಸ್7630ರ ಸ್ಪೈಸ್ ಪ್ಯಾರಾಮೀಟರ್‌ಗಳು ಇವು: ಸ್ಯಾಚುರೇಷನ್ ಕರೆಂಟ್ 5 ಮೈಕ್ರೋಆಂಪ್, ಸೀರೀಸ್ ರೆಸಿಸ್ಟೆನ್ಸ್ 20 ಓಮ್, ಐಡಿಯಾಲಿಟಿ ಫ್ಯಾಕ್ಟರ್ 1.05, ಜೀರೋ ಬಯಾಸ್ ಕೆಪಾಸಿಟೆನ್ಸ್ 0.14 ಪಿಕೋಫ್ಯಾರಡ್, ಜಂಕ್ಷನ್ ಪೊಟೆನ್ಷಿಯಲ್ 0.34 ವೋಲ್ಟ್, ಗ್ರೇಡಿಂಗ್ ಕೋಎಫಿಷಿಯೆಂಟ್ 0.4, ಬ್ರೇಕ್‌ಡೌನ್ 2 ವೋಲ್ಟ್.

ಮೊದಲು ಡಿಸಿ. ಡಯೋಡ್ ಸಮೀಕರಣವನ್ನು ಕೈಯಲ್ಲೇ ಬಿಡಿಸಿದರೆ, ರೂಮ್ ಟೆಂಪರೇಚರ್‌ನಲ್ಲಿ 0.1 ಮಿಲಿಆಂಪ್‌ಗೆ ಸುಮಾರು 85 ಮಿಲಿವೋಲ್ಟ್, 1 ಮಿಲಿಆಂಪ್‌ಗೆ ಸುಮಾರು 164 ಮಿಲಿವೋಲ್ಟ್ ಬರಬೇಕು. ಎರಡನೆಯದರಲ್ಲಿ 20 ಮಿಲಿವೋಲ್ಟ್ ಸೀರೀಸ್ ರೆಸಿಸ್ಟೆನ್ಸ್‌ನದು. ಸಿಮ್ಯುಲೇಟರ್ ಇದನ್ನೇ ಕೊಡಬೇಕು. 164ರ ಬದಲು 600 ಬಂದರೆ ನಿಮ್ಮ ಪ್ಯಾರಾಮೀಟರ್‌ಗಳು ಒಳಗೆ ಹೋಗಿಯೇ ಇಲ್ಲ, ಸಾಫ್ಟ್‌ವೇರ್ ತನ್ನ ಡೀಫಾಲ್ಟ್ ಸಿಲಿಕಾನ್ ಡಯೋಡನ್ನು ಬಳಸುತ್ತಿದೆ. ಅಪರೂಪದ ತಪ್ಪು ಎಂದುಕೊಳ್ಳಬೇಡಿ. ಮಾಡೆಲ್ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿಯಾದರೂ ಹೀಗಾಗಬಹುದು.

ಆಮೇಲೆ ಆರ್‌ಎಫ್. ಬಯಾಸ್ ಇಲ್ಲದಾಗ ಜಂಕ್ಷನ್‌ನ ರೆಸಿಸ್ಟೆನ್ಸ್ ಎಷ್ಟು? ಐಡಿಯಾಲಿಟಿ ಫ್ಯಾಕ್ಟರ್‌ನಿಂದ ಥರ್ಮಲ್ ವೋಲ್ಟೇಜನ್ನು, ಅಂದರೆ 25.85 ಮಿಲಿವೋಲ್ಟನ್ನು, ಗುಣಿಸಿ 5 ಮೈಕ್ರೋಆಂಪ್‌ನಿಂದ ಭಾಗಿಸಿ: 5.4 ಕಿಲೋಓಮ್. ಅದಕ್ಕೆ ಪ್ಯಾರಲಲ್ ಆಗಿ 0.14 ಪಿಕೋಫ್ಯಾರಡ್, 2.45 ಗಿಗಾಹರ್ಟ್ಸ್‌ನಲ್ಲಿ 464 ಓಮ್ ರಿಯಾಕ್ಟೆನ್ಸ್. ಎರಡನ್ನೂ ಸೇರಿಸಿ 20 ಓಮ್ ಕೂಡಿದರೆ ಬರೀ ಚಿಪ್‌ನ ಇಂಪೀಡೆನ್ಸ್ ಸುಮಾರು 59 − ಜೆ461 ಓಮ್ (ಮೊದಲನೆಯದು ರೆಸಿಸ್ಟೆನ್ಸ್, ಜೆ ಹೊತ್ತದ್ದು ರಿಯಾಕ್ಟೆನ್ಸ್). ಒಂದು ಪೋರ್ಟ್ ಹಾಕಿ ಎಸ್11 (ಆ ಪೋರ್ಟ್‌ನಿಂದ ಮರಳುವ ಅಲೆಯ ಪ್ರಮಾಣ) ತೆಗೆದು ಇಂಪೀಡೆನ್ಸ್‌ಗೆ ಬದಲಿಸಿ ನೋಡಿ. ಇದೇ ಸಂಖ್ಯೆ ಬರಬೇಕು.

ಹೆಜ್ಜೆ 3: ಪ್ಯಾಕೇಜ್ ಸೇರಿಸಿ, ಒಂದೇ ಸಲ

ಮೊದಲಿಗೆ ಹೇಳಿದ ಗಡಿ ಶುರುವಾಗುವುದು ಇಲ್ಲಿ. ಈ ಚಿಪ್‌ಗೆ 0.16 ಪಿಕೋಫ್ಯಾರಡ್ ಪ್ಯಾಕೇಜ್ ಕೆಪಾಸಿಟೆನ್ಸನ್ನು ಪ್ಯಾರಲಲ್ ಆಗಿಯೂ 0.7 ನ್ಯಾನೋಹೆನ್ರಿ ಲೀಡ್ ಇಂಡಕ್ಟೆನ್ಸನ್ನು ಸೀರೀಸ್ ಆಗಿಯೂ ಸೇರಿಸೋಣ. ಸಣ್ಣ ಪ್ಲಾಸ್ಟಿಕ್ ಪ್ಯಾಕೇಜ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಬೆಲೆಗಳು ಇವು. 59 − ಜೆ461 ಇದ್ದದ್ದು 13 − ಜೆ206 ಆಗುತ್ತದೆ! ರಿಯಾಕ್ಟೆನ್ಸನ್ನು ಅಳಿಸಲು ಬರೀ ಚಿಪ್‌ಗೆ 30 ನ್ಯಾನೋಹೆನ್ರಿ ಬೇಕಿತ್ತು, ಪ್ಯಾಕೇಜ್ ಸೇರಿದ ಮೇಲೆ 13.4 ಸಾಕು.

ಈಗ ಇನ್ನೊಂದು ಬದಿಯ ತಪ್ಪು ನೋಡಿ. ತಯಾರಕರು ಕೊಟ್ಟ ಲೈಬ್ರರಿಯ ಡಯೋಡ್‌ನಲ್ಲಿ ಪ್ಯಾಕೇಜ್ ಆಗಲೇ ಸೇರಿದೆ, ನಿಮಗೆ ಅದು ಗೊತ್ತಿಲ್ಲ, ಜಾಣತನದಿಂದ ನೀವೂ 0.16 ಪಿಕೋಫ್ಯಾರಡ್ ಹಾಕುತ್ತೀರಿ. ಆಗ ಉತ್ತರ 5.5 − ಜೆ131ರ ಸಮೀಪ, ಇಂಡಕ್ಟರ್ 8.5 ನ್ಯಾನೋಹೆನ್ರಿ. ಒಂದೇ ಡಯೋಡ್‌ಗೆ 30, 13.4, 8.5 ಎಂದು ಮೂರು ಉತ್ತರ. ಮೂರರಲ್ಲೂ ಗ್ರಾಫ್ ಸುಂದರವಾಗಿ, ಮ್ಯಾಚ್ ಆಳವಾಗಿ ಕಾಣುತ್ತದೆ. ಬೋರ್ಡ್‌ನಲ್ಲಿ ಕೆಲಸ ಮಾಡುವುದು ಒಂದೇ.

ಆದ್ದರಿಂದ ಮಾಡೆಲ್ ಫೈಲನ್ನು ಪಠ್ಯವಾಗಿ ತೆರೆದು ಓದಿ. ಸಬ್‌ಸರ್ಕ್ಯೂಟ್ ಒಳಗೆ ಪಿಕೋ, ನ್ಯಾನೋ ಬೆಲೆಯ ಸಿ, ಎಲ್ ಸಾಲುಗಳಿದ್ದರೆ ಪ್ಯಾಕೇಜ್ ಒಳಗಿದೆ ಎಂದೇ ಅರ್ಥ. ಒಂದೇ ಒಂದು ಡಯೋಡ್ ಸಾಲಿದ್ದರೆ ಅದು ಬರೀ ಚಿಪ್. ಫೈಲ್ ಎನ್‌ಕ್ರಿಪ್ಟ್ ಆಗಿದ್ದರೆ ಜೀರೋ ಬಯಾಸ್‌ನಲ್ಲಿ ಕಡಿಮೆ ಆವರ್ತನದ ಒಟ್ಟು ಕೆಪಾಸಿಟೆನ್ಸ್ ಅಳೆಯಿರಿ: 0.14 ಬಂದರೆ ಚಿಪ್, 0.3 ಬಂದರೆ ಪ್ಯಾಕೇಜ್ ಸಹಿತ. ಹಾಳೆಯ ಮೇಲೆ ಡಯೋಡ್‌ನ ಪಕ್ಕದಲ್ಲೇ ‘ಪ್ಯಾಕೇಜ್ ಒಳಗಿದೆ’ ಅಥವಾ ‘ಒಳಗಿಲ್ಲ’ ಎಂದು ಬರೆದಿಡಿ. ಆರು ತಿಂಗಳ ಮೇಲೆ ಅದೇ ಫೈಲ್ ತೆರೆಯುವವರು ನೀವೇ ಆದರೂ ಉಪಕಾರವಾಗುತ್ತದೆ.

ಹೆಜ್ಜೆ 4: ಬೋರ್ಡ್‌ನ ಪ್ರತಿ ಮಿಲಿಮೀಟರ್‌ಗೂ ಲೆಕ್ಕ ಕೊಡಿ

ಸ್ಕಿಮ್ಯಾಟಿಕ್‌ನಲ್ಲಿ ಗ್ರೌಂಡ್ ಅಂದರೆ ಒಂದು ತ್ರಿಕೋನ ಚಿಹ್ನೆ. ಬೋರ್ಡ್‌ನಲ್ಲಿ ಅದು ವಯಾ. 1.6 ಮಿಲಿಮೀಟರ್ ದಪ್ಪದ ಬೋರ್ಡ್‌ನಲ್ಲಿ 0.3 ಮಿಲಿಮೀಟರ್ ವ್ಯಾಸದ ಒಂದು ವಯಾಗೆ ಸುಮಾರು 0.54 ನ್ಯಾನೋಹೆನ್ರಿ ಇಂಡಕ್ಟೆನ್ಸ್ ಇರುತ್ತದೆ. 2.45 ಗಿಗಾಹರ್ಟ್ಸ್‌ನಲ್ಲಿ ಅದು 8.4 ಓಮ್, 10 ಗಿಗಾಹರ್ಟ್ಸ್‌ನಲ್ಲಿ 34 ಓಮ್. ಅದೇ ವಯಾ 0.508 ಮಿಲಿಮೀಟರ್ ಬೋರ್ಡ್‌ನಲ್ಲಿ 0.08 ನ್ಯಾನೋಹೆನ್ರಿಗೆ ಇಳಿಯುತ್ತದೆ. ತೆಳುವಾದ ಬೋರ್ಡ್‌ನ ಮೇಲೆ ಮೈಕ್ರೋವೇವ್‌ನವರಿಗೆ ಯಾಕಿಷ್ಟು ಪ್ರೀತಿ ಎಂಬುದಕ್ಕೆ ಇದೊಂದು ದೊಡ್ಡ ಕಾರಣ.

ಕೆಪಾಸಿಟರ್‌ಗಳ ಕಥೆಯೂ ಇದೇ. ‘ಬೈಪಾಸ್‌ಗೆ 100 ಪಿಕೋಫ್ಯಾರಡ್ ಹಾಕಿದ್ದೇನೆ, ಆರ್‌ಎಫ್ ಪೂರ್ತಿ ಶಾರ್ಟ್’ ಎಂದುಕೊಳ್ಳುತ್ತೇವೆ. ಚಿಪ್ ಕೆಪಾಸಿಟರ್‌ಗೆ ಜೋಡಣೆ ಸಹಿತ 0.5 ನ್ಯಾನೋಹೆನ್ರಿ ಇದೆ ಅನ್ನಿ. ಆಗ ಅದರ ಸೆಲ್ಫ್ ರೆಸೊನೆನ್ಸ್ 712 ಮೆಗಾಹರ್ಟ್ಸ್‌ನಲ್ಲೇ ಮುಗಿದುಹೋಗುತ್ತದೆ, 2.45 ಗಿಗಾಹರ್ಟ್ಸ್‌ನಲ್ಲಿ ಅದು 7 ಓಮ್‌ನ ಇಂಡಕ್ಟರ್. ಅದೇ 0.5 ನ್ಯಾನೋಹೆನ್ರಿಗೆ 8.2 ಪಿಕೋಫ್ಯಾರಡ್ ಜೊತೆಯಾದರೆ ರೆಸೊನೆನ್ಸ್ 2.49 ಗಿಗಾಹರ್ಟ್ಸ್‌ಗೆ ಬರುತ್ತದೆ, ಅಂದರೆ ನಮಗೆ ಬೇಕಾದ ಜಾಗಕ್ಕೇ. ತಯಾರಕರು ಕೊಡುವ ಎಸ್-ಪ್ಯಾರಾಮೀಟರ್ ಫೈಲ್‌ಗಳನ್ನೇ ಬಳಸುವುದು ಒಳ್ಳೆಯದು. ಅದನ್ನು ಯಾವ ದಪ್ಪದ ಬೋರ್ಡ್‌ನ ಮೇಲೆ ಅಳೆದರು, ಪ್ಯಾಡ್ ಸೇರಿದೆಯೋ ಇಲ್ಲವೋ ಎಂಬ ಅದೇ ಗಡಿಯ ಪ್ರಶ್ನೆ ಅಲ್ಲೂ ಕೇಳಬೇಕು.

ಇಂಡಕ್ಟರ್‌ನ ನಷ್ಟವನ್ನು ಬಿಟ್ಟರೆ ಡಿಟೆಕ್ಟರ್‌ನ ಉತ್ತರವೇ ಹುಸಿ. 13.4 ನ್ಯಾನೋಹೆನ್ರಿಯ ಇಂಡಕ್ಟರ್‌ಗೆ ಕ್ಯೂ, ಅಂದರೆ ರಿಯಾಕ್ಟೆನ್ಸ್ ಮತ್ತು ರೆಸಿಸ್ಟೆನ್ಸ್‌ನ ಅನುಪಾತ, 50 ಇದ್ದರೆ ಅದರೊಳಗಿನ ರೆಸಿಸ್ಟೆನ್ಸ್ 4 ಓಮ್. ಡಯೋಡ್‌ನದು 13 ಓಮ್. ಬಂದ ಪವರ್‌ನಲ್ಲಿ ಕಾಲು ಭಾಗ ಇಂಡಕ್ಟರ್‌ನಲ್ಲೇ ಬಿಸಿಯಾಗಿ ಹೋಯಿತು.

ಬೋರ್ಡ್ ವಸ್ತುವಿನ ವಿಷಯದಲ್ಲಿ ಒಂದೇ ಎಚ್ಚರ. ಆರ್‌ಒ4350ಬಿ ಲ್ಯಾಮಿನೇಟ್‌ನ ಡೇಟಾಶೀಟ್‌ನಲ್ಲಿ ಡೈಎಲೆಕ್ಟ್ರಿಕ್ ಕಾನ್‌ಸ್ಟೆಂಟ್ ಎರಡು ಕಡೆ ಎರಡು ಬೆಲೆಯಲ್ಲಿದೆ: 3.48 ಮತ್ತು 3.66. ಸರ್ಕ್ಯೂಟ್ ಡಿಸೈನ್‌ಗೆ ಬಳಸಬೇಕಾದದ್ದು 3.66.

ಹೆಜ್ಜೆ 5: ಲೇಔಟ್‌ನ ಫೈಲನ್ನು ಡಯೋಡ್‌ಗೆ ಜೋಡಿಸುವುದು

ಲೈನ್‌ಗಳು ದೂರದೂರ ಇದ್ದರೆ ಸಿಮ್ಯುಲೇಟರ್‌ನ ಮೈಕ್ರೋಸ್ಟ್ರಿಪ್ ಮಾಡೆಲ್‌ಗಳೇ ಸಾಕು. ಒತ್ತೊತ್ತಾಗಿದ್ದರೆ, ಸ್ಟಬ್‌ಗಳು ಒಂದಕ್ಕೊಂದು ಮಾತಾಡುವಷ್ಟು ಹತ್ತಿರವಿದ್ದರೆ ಇಡೀ ತಾಮ್ರವನ್ನು ಎಲೆಕ್ಟ್ರೋಮ್ಯಾಗ್ನೆಟಿಕ್ ಸಾಫ್ಟ್‌ವೇರ್‌ನಲ್ಲಿ ಬಿಡಿಸಿ, ಡಯೋಡ್ ಕೂರುವ ಜಾಗದಲ್ಲಿ ಪೋರ್ಟ್‌ಗಳನ್ನಿಟ್ಟು, ಬಂದ ಎಸ್-ಪ್ಯಾರಾಮೀಟರ್ ಬ್ಲಾಕ್‌ಗೆ ಡಯೋಡ್ ಸಿಕ್ಕಿಸುವುದು ವಾಡಿಕೆ. ಈ ಜೋಡಣೆಯಲ್ಲಿ ಎಡವುವ ಜಾಗಗಳು ಮೂರಿವೆ.

ಮೊದಲನೆಯದು ಡಿಸಿ. ಲೇಔಟನ್ನು 1 ಗಿಗಾಹರ್ಟ್ಸ್‌ನಿಂದ 6 ಗಿಗಾಹರ್ಟ್ಸ್‌ವರೆಗೆ ಬಿಡಿಸಿ ಫೈಲ್ ಉಳಿಸಿದಿರಿ. ಹಾರ್ಮೋನಿಕ್ ಬ್ಯಾಲೆನ್ಸ್‌ಗೆ ಡಿಸಿ ಬೇಕೇ ಬೇಕು. ಫೈಲ್‌ನಲ್ಲಿ ಇಲ್ಲದಿದ್ದರೆ ಅದು ಇರುವ ಬಿಂದುಗಳಿಂದ ಗೆರೆ ಎಳೆದು ಊಹಿಸುತ್ತದೆ. ಆ ಊಹೆಯಲ್ಲಿ ಬಯಾಸ್ ಲೈನ್ ಓಪನ್ ಆಗಬಹುದು, ಬ್ಲಾಕಿಂಗ್ ಕೆಪಾಸಿಟರ್ ಶಾರ್ಟ್ ಆಗಬಹುದು. ಡಿಟೆಕ್ಟರ್‌ಗಂತೂ ಡಿಸಿಯೇ ಉತ್ತರ! ಫೈಲ್‌ಗೆ 0 ಹರ್ಟ್ಸ್ ಬಿಂದುವನ್ನು ಕೈಯಾರೆ ಆದರೂ ಸೇರಿಸಿ.

ಎರಡನೆಯದು ಮೇಲಿನ ತುದಿ. ಐದು ಹಾರ್ಮೋನಿಕ್ ಅಂದರೆ 12.25 ಗಿಗಾಹರ್ಟ್ಸ್, ಏಳು ಅಂದರೆ 17.15. ಅಲ್ಲಿಯವರೆಗೆ ಲೇಔಟ್‌ನ ಫೈಲ್ ಇರಬೇಕು.

ಮೂರನೆಯದು ಬಹಳ ಸಣ್ಣದು, ಆದರೆ ಇಡೀ ದಿನ ತಿನ್ನುತ್ತದೆ. ಎಸ್-ಪ್ಯಾರಾಮೀಟರ್‌ಗಳನ್ನು ಉಳಿಸುವ ಟಚ್‌ಸ್ಟೋನ್ ಫೈಲ್‌ನಲ್ಲಿ ಎರಡು ಪೋರ್ಟ್ ಇದ್ದಾಗ ಮಾತ್ರ ಸಾಲಿನ ಕ್ರಮ ಎಸ್11, ಎಸ್21, ಎಸ್12, ಎಸ್22. ಎಸ್21 ಎರಡನೆಯದು, ಗಮನಿಸಿ. ಮೂರು ಅಥವಾ ಹೆಚ್ಚು ಪೋರ್ಟ್ ಇದ್ದರೆ ಮ್ಯಾಟ್ರಿಕ್ಸ್‌ನಂತೆ ಸಾಲುಸಾಲಾಗಿ ಬರುತ್ತದೆ. ತಾಮ್ರದ ತುಂಡಿಗೆ ಎರಡೂ ದಿಕ್ಕು ಒಂದೇ ಆದ್ದರಿಂದ ತಪ್ಪು ಬಯಲಾಗುವುದಿಲ್ಲ. ಸ್ವಂತ ಸ್ಕ್ರಿಪ್ಟ್ ಬರೆದು ಟ್ರಾನ್ಸಿಸ್ಟರ್‌ನ ಫೈಲ್ ಓದಿದ ದಿನ ಆಂಪ್ಲಿಫೈಯರ್ ಅಟೆನ್ಯುಯೇಟರ್ ಆಗಿ ಕೂತಿರುತ್ತದೆ.

ಡಯೋಡನ್ನು ನೇರವಾಗಿ ಫೀಲ್ಡ್ ಸಿಮ್ಯುಲೇಷನ್‌ನ ಒಳಗೇ ಇಡುವ ದಾರಿಯೂ ಇದೆ. 1966ರಲ್ಲಿ ಕೇನ್ ಯೀ ಕೊಟ್ಟ ಎಫ್‌ಡಿಟಿಡಿ ವಿಧಾನದಲ್ಲಿ ಜಾಗವನ್ನು ಪುಟ್ಟ ಸೆಲ್‌ಗಳ ಮೆಶ್ ಆಗಿ ಕತ್ತರಿಸಿ ಫೀಲ್ಡನ್ನು ಟೈಮ್ ಸ್ಟೆಪ್‌ಗಳಲ್ಲಿ ಲೆಕ್ಕ ಹಾಕುತ್ತಾರೆ. ಆ ಮೆಶ್‌ನ ಒಂದು ಸೆಲ್‌ನಲ್ಲಿ ಡಯೋಡ್‌ನ ಕರೆಂಟನ್ನು ಸೇರಿಸಿ, ಪ್ರತಿ ಟೈಮ್ ಸ್ಟೆಪ್‌ನಲ್ಲೂ ಆ ನಾನ್‌ಲೀನಿಯರ್ ಸಮೀಕರಣವನ್ನು ಬಿಡಿಸುತ್ತಾರೆ. ಗಡಿಯ ಸಮಸ್ಯೆ ಬಹಳ ಮಟ್ಟಿಗೆ ಕರಗುತ್ತದೆ, ಆದರೆ ಬೆಲೆ ತೆರಬೇಕು: ಗಾಳಿಯಲ್ಲಿ 0.1 ಮಿಲಿಮೀಟರ್ ಮೆಶ್‌ಗೆ ಟೈಮ್ ಸ್ಟೆಪ್ 0.19 ಪಿಕೋಸೆಕೆಂಡ್ ಮೀರುವಂತಿಲ್ಲ. ಮೇಲಿನ 500 ನ್ಯಾನೋಸೆಕೆಂಡ್‌ಗೆ 26 ಲಕ್ಷ ಸ್ಟೆಪ್. ಆಂಟೆನಾದ ಮೇಲೇ ಡಿವೈಸ್ ಕೂತಿರುವಲ್ಲಿ, ಮಿಲಿಮೀಟರ್ ವೇವ್‌ನಲ್ಲಿ, ಮುಚ್ಚಳದೊಳಗಿನ ಕ್ಯಾವಿಟಿ ರೆಸೊನೆನ್ಸ್ ಡಿವೈಸ್‌ನೊಂದಿಗೆ ಆಟವಾಡುವಲ್ಲಿ ಇದಕ್ಕೆ ಅರ್ಥವಿದೆ. ನಮ್ಮ ಡಿಟೆಕ್ಟರ್‌ಗೆ ಬೇಡ.

ಹೆಜ್ಜೆ 6: ಹಾರ್ಮೋನಿಕ್ ಬ್ಯಾಲೆನ್ಸ್ ಓಡಿಸುವುದು

ಪವರನ್ನು ಕೆಳಗಿನಿಂದ ಮೇಲಕ್ಕೆ ಏರಿಸಿ. −50 ಡಿಬಿಎಂನಿಂದ (1 ಮಿಲಿವ್ಯಾಟ್‌ಗೆ ಹೋಲಿಸಿ ಡೆಸಿಬೆಲ್‌ನಲ್ಲಿ ಹೇಳುವ ಪವರ್) ಹೊರಟು 0ಯತ್ತ ಹೋದರೆ ಪ್ರತಿ ಹಂತದ ಉತ್ತರ ಮುಂದಿನ ಹಂತಕ್ಕೆ ಮೆಟ್ಟಿಲಾಗುತ್ತದೆ. ನೇರವಾಗಿ 0 ಡಿಬಿಎಂನಲ್ಲಿ ಶುರುಮಾಡಿದರೆ ‘ಕನ್ವರ್ಜ್ ಆಗಲಿಲ್ಲ’ ಎಂಬ ಸಂದೇಶ ಬಂದರೆ ಆಶ್ಚರ್ಯವಿಲ್ಲ. ಆಗ ತಕ್ಷಣ ಟಾಲರೆನ್ಸ್ ಸಡಿಲಿಸಲು ಹೋಗಬೇಡಿ. ಪವರ್ ಹಂತವನ್ನು 1 ಡಿಬಿಗೆ ಇಳಿಸಿ, ಓವರ್‌ಸ್ಯಾಂಪ್ಲಿಂಗ್ ಏರಿಸಿ, ತೇಲುತ್ತಿರುವ ನೋಡ್ ಇದೆಯೇ ನೋಡಿ. ಡಿಟೆಕ್ಟರ್‌ಗಳಲ್ಲಿ ಡಯೋಡ್‌ಗೆ ಡಿಸಿ ಮರಳುವ ದಾರಿಯೇ ಇಲ್ಲದಿರುವುದು ಬಲು ಸಾಮಾನ್ಯ ಕಾರಣ. ಎರಡೂ ಕಡೆ ಕೆಪಾಸಿಟರ್ ಇದ್ದರೆ ರೆಕ್ಟಿಫೈ ಆದ ಕರೆಂಟ್ ಎಲ್ಲಿಗೆ ಹೋಗಬೇಕು?

ಎಷ್ಟು ಹಾರ್ಮೋನಿಕ್? ಐದರಲ್ಲಿ ಓಡಿಸಿ, ಏಳರಲ್ಲಿ ಓಡಿಸಿ, ಒಂಬತ್ತರಲ್ಲಿ ಓಡಿಸಿ. ಔಟ್‌ಪುಟ್ ವೋಲ್ಟೇಜ್ ನೂರಕ್ಕೆ ಒಂದರಷ್ಟೂ ಕದಲದಿದ್ದರೆ ಸಾಕು. ಮಿಕ್ಸರ್‌ಗೆ ಬಂದರೆ ಎರಡು ಟೋನ್, ಮತ್ತು ಲೋಕಲ್ ಆಸಿಲೇಟರ್‌ಗೆ ಹೆಚ್ಚು ಹಾರ್ಮೋನಿಕ್, ಸಣ್ಣ ಸಿಗ್ನಲ್‌ಗೆ ಒಂದೆರಡು ಕೊಟ್ಟರೆ ಸಮಯ ಉಳಿಯುತ್ತದೆ.

ಹೆಜ್ಜೆ 7: ಉತ್ತರ ನಂಬುವ ಮೊದಲು ಪೆನ್ನು ಹಿಡಿಯಿರಿ

ನನಗೆ ತುಂಬ ಇಷ್ಟವಾದ ಹೆಜ್ಜೆ ಇದು. ಸಣ್ಣ ಸಿಗ್ನಲ್‌ನಲ್ಲಿ ಡಯೋಡ್ ಸ್ಕ್ವೇರ್ ಲಾ ಪಾಲಿಸುತ್ತದೆ, ಅಂದರೆ ಔಟ್‌ಪುಟ್ ವೋಲ್ಟೇಜ್ ಇನ್‌ಪುಟ್ ಪವರ್‌ಗೆ ನೇರ ಅನುಪಾತ. ಬಯಾಸ್ ಇಲ್ಲದ ಆದರ್ಶ ಡಯೋಡ್‌ಗೆ, ಲೋಡ್ ಇಲ್ಲದಾಗ, ಪ್ರತಿ ವ್ಯಾಟ್‌ಗೆ ಸಿಗುವ ವೋಲ್ಟ್ ಎಂದರೆ 0.5ನ್ನು ಸ್ಯಾಚುರೇಷನ್ ಕರೆಂಟ್‌ನಿಂದ ಭಾಗಿಸಿದ್ದು. 5 ಮೈಕ್ರೋಆಂಪ್‌ಗೆ ಅದು ಮೈಕ್ರೋವ್ಯಾಟ್‌ಗೆ 100 ಮಿಲಿವೋಲ್ಟ್. ಸೀರೀಸ್ ರೆಸಿಸ್ಟೆನ್ಸ್ 2.45 ಗಿಗಾಹರ್ಟ್ಸ್‌ನಲ್ಲಿ ಮೂರನೇ ಒಂದು ಪಾಲು ನುಂಗುವುದರಿಂದ ಸುಮಾರು 66 ಉಳಿಯುತ್ತದೆ. ಜಂಕ್ಷನ್ ಒಳಗಿನ 5.4 ಕಿಲೋಓಮ್‌ಗೆ ಎದುರಾಗಿ 1 ಕಿಲೋಓಮ್ ಲೋಡ್ ಇಟ್ಟರೆ ಅದರ ಆರನೇ ಒಂದು ಪಾಲಿನಷ್ಟು, ಸುಮಾರು 10. ಹಾಗಾಗಿ ನಷ್ಟವಿಲ್ಲದ ಮ್ಯಾಚಿಂಗ್‌ನೊಂದಿಗೆ −40 ಡಿಬಿಎಂಗೆ, ಅಂದರೆ 0.1 ಮೈಕ್ರೋವ್ಯಾಟ್‌ಗೆ, ಹತ್ತಿರಹತ್ತಿರ 1 ಮಿಲಿವೋಲ್ಟ್ ಬರಬೇಕು. ನಿಮ್ಮ ಸಿಮ್ಯುಲೇಷನ್ 0.9 ಕೊಟ್ಟರೆ ಮುಂದುವರಿಯಿರಿ, 9 ಕೊಟ್ಟರೆ ನಿಲ್ಲಿಸಿ ಹುಡುಕಿ.

ಇಳಿಜಾರನ್ನೂ ನೋಡಿ. −50ರಿಂದ −40ಕ್ಕೆ ಏರಿದಾಗ ಔಟ್‌ಪುಟ್ ಹತ್ತು ಪಟ್ಟಿನ ಸಮೀಪ ಏರಬೇಕು. ಪವರ್ ಹೆಚ್ಚಿದಂತೆ ಆ ಏರಿಕೆ ಕುಗ್ಗುತ್ತಾ ಪ್ರತಿ 10 ಡಿಬಿಗೆ 3.2 ಪಟ್ಟಿನ ಕಡೆಗೆ ಬಾಗಬೇಕು. ಹೀಗೆ ಬಾಗದೆ ನೇರವಾಗಿಯೇ ಹೋದರೆ ಎಲ್ಲೋ ಡಯೋಡ್‌ನ ಪೂರ್ತಿ ಸಮೀಕರಣದ ಜಾಗದಲ್ಲಿ ಬರೀ ಸ್ಕ್ವೇರ್ ಲಾ ಮಾಡೆಲ್ ಕೂತಿದೆ.

ಇನ್ನು ಬ್ರೇಕ್‌ಡೌನ್. ಒಂದೇ ಡಯೋಡ್ ಇರುವ ರೆಕ್ಟಿಫೈಯರ್‌ನಲ್ಲಿ ಡಯೋಡ್ ತಾಳುವ ರಿವರ್ಸ್ ವೋಲ್ಟೇಜ್ ಡಿಸಿ ಔಟ್‌ಪುಟ್‌ನ ಎರಡರಷ್ಟಿರುತ್ತದೆ. 2 ವೋಲ್ಟ್‌ಗೆ ಮುರಿಯುವ ಈ ಡಯೋಡ್‌ನಿಂದ 1 ವೋಲ್ಟ್‌ಗಿಂತ ಹೆಚ್ಚೇನೂ ಹುಟ್ಟುವುದಿಲ್ಲ. 1 ಕಿಲೋಓಮ್ ಲೋಡ್‌ಗೆ ಅದು 1 ಮಿಲಿವ್ಯಾಟ್. ಸ್ಪೈಸ್‌ನಲ್ಲಿ ಬ್ರೇಕ್‌ಡೌನ್ ಪ್ಯಾರಾಮೀಟರ್ ಕೊಡದಿದ್ದರೆ ಅದು ಅನಂತ ಎಂದೇ ಅರ್ಥ, ಆಗ ಔಟ್‌ಪುಟ್ ನಿಲ್ಲದೆ ಏರುತ್ತಲೇ ಹೋಗುತ್ತದೆ. ಎನರ್ಜಿ ಹಾರ್ವೆಸ್ಟಿಂಗ್ ಮಾಡುವವರು ಕಾಗದದ ಮೇಲೆ ಸಂಭ್ರಮಿಸಿ ಬೋರ್ಡ್‌ನಲ್ಲಿ ನಿರಾಶರಾಗುವುದು ಇಲ್ಲಿಯೇ.

ಹೆಜ್ಜೆ 8: ಟ್ರಾನ್ಸಿಸ್ಟರ್ ಬಂದಾಗ

ತಯಾರಕರ ಎಸ್-ಪ್ಯಾರಾಮೀಟರ್ ಫೈಲ್ ಒಂದು ಬಯಾಸ್‌ನಲ್ಲಿ ತೆಗೆದ ಫೋಟೋ ಇದ್ದಂತೆ. ಕರೆಂಟ್ ಬದಲಾಯಿಸಿದರೆ ಆ ಫೋಟೋ ಹಳತು. ಕಂಪ್ರೆಷನ್, ಇಂಟರ್‌ಮಾಡ್ಯುಲೇಷನ್ ಬೇಕಾದರೆ ನಾನ್‌ಲೀನಿಯರ್ ಮಾಡೆಲ್ ಬೇಕು. ಬೈಪೋಲಾರ್‌ಗೆ 1970ರ ಗಮ್ಮಲ್-ಪೂನ್ ಇವತ್ತಿಗೂ ಚಾಲ್ತಿಯಲ್ಲಿದೆ. ಗ್ಯಾಲಿಯಂ ಆರ್ಸೆನೈಡ್ ಫೆಟ್‌ಗಳಿಗೆ ಕರ್ಟಿಸ್, ಸ್ಟಾಟ್ಜ್, ಆಂಜೆಲೋವ್. ಗ್ಯಾಲಿಯಂ ನೈಟ್ರೈಡ್‌ಗೆ 2018ರಲ್ಲಿ ಉದ್ಯಮದ ಸ್ಟ್ಯಾಂಡರ್ಡ್ ಆದ ಎಎಸ್‌ಎಂ-ಹೆಮ್ಟ್ ಮತ್ತು ಎಂವಿಎಸ್‌ಜಿ. ಹೆಸರು ನೋಡಿ ಆರಿಸಬೇಡಿ, ಪ್ರಶ್ನೆ ನೋಡಿ ಆರಿಸಿ. ಉದಾಹರಣೆಗೆ ಕರ್ಟಿಸ್‌ನ ಕ್ವಾಡ್ರಾಟಿಕ್ ಮಾಡೆಲ್‌ನಲ್ಲಿ ಕರೆಂಟ್ ಗೇಟ್ ವೋಲ್ಟೇಜ್‌ನ ವರ್ಗಕ್ಕೆ ಅನುಸಾರ ಏರುತ್ತದೆ. ವರ್ಗದ ಮೂರನೇ ಡೆರಿವೇಟಿವ್ ಸೊನ್ನೆ. ಮೂರನೇ ಆರ್ಡರ್ ಇಂಟರ್‌ಮಾಡ್ಯುಲೇಷನ್ ಹುಟ್ಟುವುದೇ ಬಹುಪಾಲು ಆ ಡೆರಿವೇಟಿವ್‌ನಿಂದ. ಗೇನ್ ಸರಿಯಾಗಿ ತೋರಿಸುವ ಅದೇ ಮಾಡೆಲ್ ಲೀನಿಯಾರಿಟಿಯ ಪ್ರಶ್ನೆಗೆ ಸುಳ್ಳು ಸಮಾಧಾನ ಕೊಡುತ್ತದೆ.

ಗಡಿಯ ಪ್ರಶ್ನೆ ಇಲ್ಲಿ ಸೋರ್ಸ್ ಕಾಲಿನಲ್ಲಿ ಅಡಗಿರುತ್ತದೆ. ಕೆಲವು ಫೈಲ್‌ಗಳನ್ನು ಅಳೆಯುವಾಗ ಫಿಕ್ಸ್ಚರ್‌ನ ಸೋರ್ಸ್ ವಯಾಗಳೂ ಒಳಗೆ ಸೇರಿರುತ್ತವೆ, ಕೆಲವದರಲ್ಲಿ ಇರುವುದಿಲ್ಲ. ಸೋರ್ಸ್ ಇಂಡಕ್ಟೆನ್ಸ್ ಫೀಡ್‌ಬ್ಯಾಕ್ ಆಗಿ ಕೆಲಸ ಮಾಡುವುದರಿಂದ ಗೇನ್, ಮ್ಯಾಚ್, ಸ್ಟೆಬಿಲಿಟಿ ಮೂರನ್ನೂ ಅಲುಗಾಡಿಸುತ್ತದೆ. ಡೇಟಾಶೀಟ್‌ನ ಮೂಲೆಯಲ್ಲಿರುವ ರೆಫರೆನ್ಸ್ ಪ್ಲೇನ್ ಚಿತ್ರವನ್ನು ಹುಡುಕಿ ನೋಡಿಯೇ ಮುಂದೆ ಹೋಗಿ.

ನನ್ನ ಮೊದಲ 2.4 ಗಿಗಾಹರ್ಟ್ಸ್ ಆಂಪ್ಲಿಫೈಯರ್ ನೆನಪಾಗುತ್ತದೆ. ಸಿಮ್ಯುಲೇಷನ್‌ನಲ್ಲಿ ಎಲ್ಲ ಚೆಂದ. ಬೆಂಚ್ ಮೇಲೆ ಪವರ್ ಕೊಟ್ಟರೆ ಡ್ರೇನ್ ಕರೆಂಟ್ ಲೆಕ್ಕಕ್ಕಿಂತ ಹೆಚ್ಚು, ಬಯಾಸ್ ವೈರ್‌ಗೆ ಬೆರಳು ಮುಟ್ಟಿಸಿದರೆ ಮೀಟರ್‌ನ ಅಂಕೆ ಕದಲುತ್ತಿತ್ತು. ಸ್ಪೆಕ್ಟ್ರಮ್ ಅನಲೈಸರ್ ಹಾಕಿದಾಗ 200 ಮೆಗಾಹರ್ಟ್ಸ್‌ಗೂ ಕೆಳಗೆ ಒಂದು ದಪ್ಪ ಗೆರೆ, ನನ್ನ ಸಿಗ್ನಲ್‌ನ ಎಡಬಲಕ್ಕೆ ಅದರ ನೆರಳುಗಳು. ಸರ್ಕ್ಯೂಟ್ ತಾನೇ ಹಾಡುತ್ತಿತ್ತು. ನಾನು ಸ್ವೀಪ್ ಶುರುಮಾಡಿದ್ದು 2 ಗಿಗಾಹರ್ಟ್ಸ್‌ನಿಂದ, ಬಯಾಸ್ ಫೀಡ್ ಜಾಗದಲ್ಲಿ ಇಟ್ಟಿದ್ದು ಆದರ್ಶ ಚೋಕ್. ನಿಜವಾದ ಇಂಡಕ್ಟರ್, ನಿಜವಾದ ಕೆಪಾಸಿಟರ್‌ಗಳನ್ನು ಇಟ್ಟು 1 ಮೆಗಾಹರ್ಟ್ಸ್‌ನಿಂದ ಮತ್ತೆ ಓಡಿಸಿದಾಗ ಸ್ಟೆಬಿಲಿಟಿಯ ಅಳತೆಯಾದ ಕೆ ಫ್ಯಾಕ್ಟರ್ ಆ ಜಾಗದಲ್ಲಿ 1ರ ಕೆಳಗೆ ಬಿದ್ದದ್ದು ಕಣ್ಣಿಗೆ ಹೊಡೆಯುವಂತೆ ಕಂಡಿತು. ಬಯಾಸ್ ದಾರಿಯಲ್ಲಿ ದೊಡ್ಡ ಕೆಪಾಸಿಟರ್‌ಗೆ ಸಣ್ಣ ರೆಸಿಸ್ಟರ್ ಸೀರೀಸ್ ಮಾಡಿ ಗ್ರೌಂಡ್‌ಗೆ ಇಳಿಸಿದ ಮೇಲೆ ಸದ್ದು ನಿಂತಿತು.

ಆದ್ದರಿಂದ ಕೆ ಫ್ಯಾಕ್ಟರನ್ನು ಕೆಲವೇ ಮೆಗಾಹರ್ಟ್ಸ್‌ನಿಂದ ಟ್ರಾನ್ಸಿಸ್ಟರ್‌ಗೆ ಗೇನ್ ಉಳಿದಿರುವ ಕೊನೆಯ ಆವರ್ತನದವರೆಗೂ ನೋಡಿ. ಕೆ 1ಕ್ಕಿಂತ ಹೆಚ್ಚಿರಬೇಕು, ಜೊತೆಗೆ ಎಸ್ ಮ್ಯಾಟ್ರಿಕ್ಸ್‌ನ ಡಿಟರ್ಮಿನೆಂಟ್‌ನ ಗಾತ್ರ 1ಕ್ಕಿಂತ ಕಡಿಮೆ ಇರಬೇಕು. ಎರಡೂ ಸೇರಿಯೇ ಷರತ್ತು. ಎರಡು ಮೂರು ಸ್ಟೇಜ್ ಇದ್ದರೆ ಹೊರಗಿನ ಪೋರ್ಟ್‌ಗಳಿಂದ ನೋಡುವ ಕೆ ಸಾಲದು, ಒಳಗಿನ ಸುಳಿಯೊಂದು ಹೊರಗೆ ಕಾಣದೆಯೇ ಇರಬಹುದು; ಪ್ರತಿ ಸ್ಟೇಜನ್ನೂ ಬಿಡಿಯಾಗಿ ಪರೀಕ್ಷಿಸಿ. ಹಾರ್ಮೋನಿಕ್ ಬ್ಯಾಲೆನ್ಸ್‌ನಿಂದ ಇದರ ಸುಳಿವೂ ಸಿಗುವುದಿಲ್ಲ. ನೀವು ಹೇಳಿದ ಆವರ್ತನಗಳಲ್ಲಿ ಮಾತ್ರ ಅದು ಉತ್ತರ ಹುಡುಕುತ್ತದೆ, ಹೇಳದ ಜಾಗದಲ್ಲಿ ಸರ್ಕ್ಯೂಟ್ ಆಸಿಲೇಟ್ ಆಗುತ್ತಿದ್ದರೆ ಅದಕ್ಕೆ ಗೊತ್ತೇ ಆಗದು. ಅನುಮಾನ ಬಂದಲ್ಲಿ ಬಯಾಸ್‌ಗೆ ಒಂದು ಸಣ್ಣ ಪಲ್ಸ್ ಕೊಟ್ಟು ಟ್ರಾನ್ಸಿಯೆಂಟ್ ಓಡಿಸಿ, ಅಲೆ ಅಡಗುತ್ತದೋ ಬೆಳೆಯುತ್ತದೋ ನೋಡಿ.

ಪವರ್ ಟ್ರಾನ್ಸಿಸ್ಟರ್ ಆದರೆ ಬಿಸಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸೆಲ್ಫ್ ಹೀಟಿಂಗ್ ಇರುವ ಮಾಡೆಲ್‌ನಲ್ಲಿ ಥರ್ಮಲ್ ರೆಸಿಸ್ಟೆನ್ಸ್ ಕೇಸ್‌ವರೆಗೆ ಮಾತ್ರ ಇರಬಹುದು. ಹೀಟ್‌ಸಿಂಕ್‌ನದು ನೀವೇ ಸೇರಿಸಬೇಕು. ಇದೂ ಗಡಿಯೇ.

ಹೆಜ್ಜೆ 9: ಅಳತೆಯೊಂದಿಗೆ ಕೂಡಿಸಿ ನೋಡುವುದು

ಬೋರ್ಡ್ ಕಳಿಸುವ ಮೊದಲು ಜಂಕ್ಷನ್ ಕೆಪಾಸಿಟೆನ್ಸ್, ಇಂಡಕ್ಟರ್, ಡೈಎಲೆಕ್ಟ್ರಿಕ್ ಕಾನ್‌ಸ್ಟೆಂಟ್ ಇವನ್ನು ಅವುಗಳ ಟಾಲರೆನ್ಸ್‌ನೊಳಗೆ ಅಲುಗಿಸಿ ಓಡಿಸಿ. 13 − ಜೆ206ರಂಥ ಇಂಪೀಡೆನ್ಸ್‌ಗೆ ಕ್ಯೂ 16ರ ಸಮೀಪ, ಬ್ಯಾಂಡ್ ಕಿರಿದು. ಇಂಡಕ್ಟರ್ ನೂರಕ್ಕೆ ಐದು ಹೆಚ್ಚಾದರೆ ಮ್ಯಾಚ್‌ನ ಕಣಿವೆ ಆಚೆ ಜಾರಿಬಿಡುತ್ತದೆ. ಹಾಗಾಗಿ ಪ್ಯಾಡ್‌ಗಳನ್ನು ಬೆಲೆ ಬದಲಿಸಲು ಅನುಕೂಲವಾಗುವಂತೆ ಬಿಡಿ, ಅದೇ ಬೋರ್ಡ್‌ನ ಮೂಲೆಯಲ್ಲಿ ಡಯೋಡ್ ಇಲ್ಲದ ಖಾಲಿ ಪ್ಯಾಡ್‌ನ ಪ್ರತಿಯೊಂದನ್ನೂ ಇಡಿ. ಅಳೆಯುವಾಗ ಮೊದಲು ಆ ಖಾಲಿ ಪ್ಯಾಡ್ ಅಳೆದು ಸಿಮ್ಯುಲೇಷನ್‌ಗೆ ಕೂಡಿಸಿ. ಅದೇ ಕೂಡದಿದ್ದರೆ ಡಯೋಡನ್ನು ದೂರಿ ಪ್ರಯೋಜನವಿಲ್ಲ.

ಕೂಡಿಸುವಾಗ ಒಂದು ಸಲಕ್ಕೆ ಒಂದೇ ಪ್ಯಾರಾಮೀಟರ್, ಅದೂ ಟಾಲರೆನ್ಸ್‌ನೊಳಗೆ ಮಾತ್ರ. ಗೆರೆಗಳು ಒಂದರ ಮೇಲೊಂದು ಕೂರಲು ಜಂಕ್ಷನ್ ಕೆಪಾಸಿಟೆನ್ಸನ್ನು 0.14ರಿಂದ 0.25ಕ್ಕೆ ಎಳೆಯಬೇಕಾಯಿತೆಂದರೆ ಆ ಹೆಚ್ಚುವರಿ 0.11 ಪಿಕೋಫ್ಯಾರಡ್ ಬೋರ್ಡ್‌ನಲ್ಲಿ ಎಲ್ಲೋ ನಿಜವಾಗಿ ಇದೆ: ಪ್ಯಾಡ್‌ನಲ್ಲಿ, ಇಂಡಕ್ಟರ್‌ನ ಮೈಯಲ್ಲಿ, ಇಲ್ಲವೇ ನೀವು ಒಳಗಿದೆ ಎಂದುಕೊಂಡ ಪ್ಯಾಕೇಜ್‌ನಲ್ಲಿ. ನೆಟ್‌ವರ್ಕ್ ಅನಲೈಸರ್‌ನ ಕ್ಯಾಲಿಬ್ರೇಷನ್ ಎಲ್ಲಿ ನಿಂತಿದೆ ಎಂಬುದನ್ನೂ ಆಗಲೇ ನೋಡಿ. 1.6 ಮಿಲಿಮೀಟರ್ ಎಫ್‌ಆರ್4 ಬೋರ್ಡ್‌ನ 50 ಓಮ್ ಲೈನ್‌ನಲ್ಲಿ 2.45 ಗಿಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು 67 ಮಿಲಿಮೀಟರ್. ಕ್ಯಾಲಿಬ್ರೇಷನ್ ಪ್ಲೇನ್ ಡಯೋಡ್‌ನ ಪ್ಯಾಡ್‌ನಿಂದ ಒಂದೇ ಒಂದು ಮಿಲಿಮೀಟರ್ ಈಚೆಗಿದ್ದರೂ, ಹೋಗಿಬರುವ ದಾರಿ ಸೇರಿ, ಎಸ್11 ಸ್ಮಿತ್ ಚಾರ್ಟ್‌ನ (ಇಂಪೀಡೆನ್ಸನ್ನು ಗುರುತಿಸುವ ವೃತ್ತಾಕಾರದ ನಕ್ಷೆ) ಮೇಲೆ 11 ಡಿಗ್ರಿ ತಿರುಗಿರುತ್ತದೆ.